ಹೆಸರು ಒಬ್ಬರದು, ದುಡ್ಡು ಊರಿನದು

ಟೆಕ್ಸಸ್ ರಾಜ್ಯದ ವೆಸ್ಟ್ ಕೊಲಂಬಿಯಾ ಎಂಬ ಸಣ್ಣ ಊರಿನ ಬಳಿ, ದನ ಮೇಯುವ ಬಯಲಿನಲ್ಲಿ ಒಂದು ಹಳೆಯ ಮರದ ಕಟ್ಟಡವಿತ್ತು. ಅದರೊಳಗೆ ಒಣಹುಲ್ಲು ಪೇರಿಸಿಡುತ್ತಿದ್ದರು. ಹುಲ್ಲಿನ ಕೊಟ್ಟಿಗೆಗೆ ಅಷ್ಟು ದೊಡ್ಡ ಕಿಟಕಿಗಳು ಯಾಕೆ ಎಂದು ಕೇಳುವವರು ಬಹುಕಾಲ ಯಾರೂ ಇರಲಿಲ್ಲ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಅದರ ಗುರುತು ಸಿಕ್ಕಿತು. ಅದು 1921ರಲ್ಲಿ ಕಪ್ಪುಜನರ ಮಕ್ಕಳಿಗಾಗಿ ಕಟ್ಟಿದ ಶಾಲೆ. ಊರಿನವರು ಅದನ್ನು ಎತ್ತಿ ತಂದು ಸ್ಥಳೀಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಕೂರಿಸಿ, ರಿಪೇರಿ ಮಾಡಿ, 2009ರಲ್ಲಿ ಜನರಿಗೆ ತೆರೆದರು. ಒಳಗೆ ಈಗ ಬೆಂಚು, ಕಪ್ಪುಹಲಗೆ, ಒಲೆ ಇವೆ. ಕಿಟಕಿಗಳಿಂದ ಬೆಳಕು ಬೀಳುತ್ತಿದೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇಂಥ ಕಟ್ಟಡಗಳು ಒಂದು ಕಾಲಕ್ಕೆ ಐದು ಸಾವಿರಕ್ಕೂ ಹೆಚ್ಚಿದ್ದವು. ನಿಖರವಾಗಿ ಹೇಳುವುದಾದರೆ 5,357: ಶಾಲೆಗಳು 4,977, ಮೇಷ್ಟ್ರ ಮನೆಗಳು 217, ಕಸುಬು ಕಲಿಸುವ ಕಟ್ಟಡಗಳು 163. ಹದಿನೈದು ರಾಜ್ಯಗಳ 883 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಹರಡಿದ್ದ ಇವನ್ನೆಲ್ಲ ಕಟ್ಟಿದ್ದು 1912ರಿಂದ 1932ರವರೆಗಿನ ಇಪ್ಪತ್ತು ವರ್ಷಗಳಲ್ಲಿ. ಈಗ ಉಳಿದಿರುವುದು ಸುಮಾರು ಐನೂರು. ಉಳಿದವುಗಳಲ್ಲೂ ಅರ್ಧದಷ್ಟು ಮಾತ್ರ ದುರಸ್ತಿ ಕಂಡಿವೆ, ಮಿಕ್ಕವು ಕುಸಿತದ ಬೇರೆ ಬೇರೆ ಹಂತಗಳಲ್ಲಿವೆ. ಇವಕ್ಕೆಲ್ಲ ಸೇರಿ ಒಂದೇ ಹೆಸರು: ರೋಸನ್‌ವಾಲ್ಡ್ ಶಾಲೆಗಳು.

ಹೆಸರು ಕೊಟ್ಟ ಜೂಲಿಯಸ್ ರೋಸನ್‌ವಾಲ್ಡ್ ಜರ್ಮನಿಯಿಂದ ವಲಸೆ ಬಂದ ಯಹೂದಿ ಕುಟುಂಬದ ಮಗ. 1862ರಲ್ಲಿ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹುಟ್ಟಿದವರು. ಹೈಸ್ಕೂಲು ಮುಗಿಸಲಿಲ್ಲ, ಬಟ್ಟೆ ವ್ಯಾಪಾರಕ್ಕೆ ಇಳಿದರು. ಮುಂದೆ ಅಂಚೆಯಲ್ಲಿ ಸರಕು ಮಾರುವ ಸಿಯರ್ಸ್ ರೋಬಕ್ ಕಂಪನಿಯ ಅಧ್ಯಕ್ಷರಾಗಿ ದೇಶದ ದೊಡ್ಡ ಸಿರಿವಂತರಲ್ಲಿ ಒಬ್ಬರಾದರು. 1911ರಲ್ಲಿ ಷಿಕಾಗೋದಲ್ಲಿ ಅವರಿಗೆ ಬೂಕರ್ ಟಿ. ವಾಷಿಂಗ್ಟನ್ ಭೇಟಿಯಾದರು. ವಾಷಿಂಗ್ಟನ್ 1856ರಲ್ಲಿ ವರ್ಜೀನಿಯಾದ ತೋಟದಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿ, ಅಲಬಾಮದ ಟಸ್ಕೀಗಿಯಲ್ಲಿ ಕಪ್ಪುಜನರಿಗಾಗಿ ದೊಡ್ಡ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದವರು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ 1903ರಲ್ಲೇ ತಮ್ಮ 'ಇಂಡಿಯನ್ ಒಪೀನಿಯನ್' ಪತ್ರಿಕೆಯಲ್ಲಿ ವಾಷಿಂಗ್ಟನ್ ಅವರ ಬದುಕನ್ನು ಮೆಚ್ಚಿ ಬರೆದಿದ್ದರು. ನಮ್ಮ ಹಿರಿಯರಿಗೆ ಅಪರಿಚಿತರಲ್ಲದ ಹೆಸರು ಅದು.

1912ರ ಆಗಸ್ಟ್‌ನಲ್ಲಿ ತಮಗೆ ಐವತ್ತು ತುಂಬಿದಾಗ ರೋಸನ್‌ವಾಲ್ಡ್ ದಾನ ಮಾಡಿದ ಮೊತ್ತಗಳಲ್ಲಿ 25,000 ಡಾಲರ್ ಟಸ್ಕೀಗಿಯ ಪಾಲಿಗೆ ಬಂತು. ಅದರಲ್ಲಿ ಉಳಿದ ಒಂದಿಷ್ಟನ್ನು ಹಳ್ಳಿಯ ಶಾಲೆಗಳಿಗೆ ಬಳಸಬಹುದೇ ಎಂದು ವಾಷಿಂಗ್ಟನ್ ಕೇಳಿದರು, ರೋಸನ್‌ವಾಲ್ಡ್ ಒಪ್ಪಿದರು. ಆ ದುಡ್ಡಿನಲ್ಲಿ ಅಲಬಾಮದಲ್ಲಿ ಆರು ಶಾಲೆಗಳೆದ್ದವು. ಮೊದಲನೆಯದು ಲೋಚಪೋಕ ಎಂಬ ಹಳ್ಳಿಯಲ್ಲಿ. ಅದರ ಖರ್ಚಿನ ಲೆಕ್ಕ ಇವತ್ತಿಗೂ ಸಿಗುತ್ತದೆ. ಒಟ್ಟು 942 ಡಾಲರ್ 50 ಸೆಂಟ್. ಅದರಲ್ಲಿ ರೋಸನ್‌ವಾಲ್ಡ್ ಕೊಟ್ಟದ್ದು 300. ಅಲ್ಲಿನ ಬಿಳಿಯರಿಂದ ಬಂದದ್ದು 360. ಊರಿನ ಕಪ್ಪುಜನ ಕೈಯಿಂದ ಹಾಕಿದ ನಗದು 132 ಡಾಲರ್ 50 ಸೆಂಟ್. ಮೈಬಗ್ಗಿಸಿ ಮಾಡಿದ ಕೆಲಸಕ್ಕೆ ಕಟ್ಟಿದ ಬೆಲೆ 150. ಮುಂದಿನ ಇಪ್ಪತ್ತು ವರ್ಷ ನಡೆದ ಕೆಲಸದ ಸ್ವರೂಪವೆಲ್ಲ ಈ ನಾಲ್ಕು ಅಂಕಿಗಳಲ್ಲೇ ಇದೆ.

ರೋಸನ್‌ವಾಲ್ಡ್ ಪೂರ್ತಿ ದುಡ್ಡು ಕೊಡುತ್ತಿರಲಿಲ್ಲ. ಒಂದು ಪಾಲು ಕೊಡುತ್ತಿದ್ದರು. ಮಿಕ್ಕದ್ದನ್ನು ಊರು ಕೂಡಿಸಬೇಕು, ಕೌಂಟಿಯ ಶಿಕ್ಷಣ ಮಂಡಳಿಯೂ ಕೈ ಜೋಡಿಸಬೇಕು. ಜಾಗ ಕನಿಷ್ಠ ಎರಡು ಎಕರೆ ಇರಬೇಕು. ಮುಖ್ಯವಾಗಿ, ಜಾಗ ಮತ್ತು ಕಟ್ಟಡ ಎರಡನ್ನೂ ಸರ್ಕಾರಿ ಶಿಕ್ಷಣ ಮಂಡಳಿಯ ಹೆಸರಿಗೆ ಬರೆದುಕೊಡಬೇಕು. ಈ ಕೊನೆಯ ಷರತ್ತಿನ ಹಿಂದೆ ದೂರದೃಷ್ಟಿ ಇತ್ತು. ಕಟ್ಟಡ ಸರ್ಕಾರದ್ದಾದರೆ ಮೇಷ್ಟ್ರ ಸಂಬಳ, ಶಾಲೆ ನಡೆಸುವ ಹೊಣೆ ಕೂಡ ಸರ್ಕಾರದ್ದೇ ಆಗುತ್ತದೆ, ಕಪ್ಪುಜನರ ಓದು ದಾನಿಗಳ ಮರ್ಜಿಯಿಂದ ಹೊರಬರುತ್ತದೆ ಎಂಬ ಲೆಕ್ಕಾಚಾರ. ನಲವತ್ತು ವರ್ಷಗಳ ನಂತರ ಇದೇ ಷರತ್ತು ಊರಿನವರಿಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಆಗಿನ ದಕ್ಷಿಣದ ಹಳ್ಳಿಗಳಲ್ಲಿ ಕಪ್ಪು ಮಕ್ಕಳ ಶಾಲೆ ಎಂದರೆ ಬಹುಪಾಲು ಚರ್ಚಿನ ಒಂದು ಮೂಲೆ, ಸೋರುವ ಗುಡಿಸಲು, ಯಾರೋ ಬಿಟ್ಟುಹೋದ ಮನೆ. ವರ್ಣಭೇದ ಕಾನೂನಾಗಿದ್ದ ಕಾಲ. ಕಪ್ಪುಜನ ಕಟ್ಟಿದ ತೆರಿಗೆಯೂ ಸೇರಿದ್ದ ಹಣದಲ್ಲಿ ಬಿಳಿಯ ಮಕ್ಕಳಿಗೆ ಇಟ್ಟಿಗೆಯ ಶಾಲೆಗಳು ಏಳುತ್ತಿದ್ದವು. ತಮ್ಮ ಮಕ್ಕಳಿಗೂ ಶಾಲೆ ಬೇಕೆಂದರೆ ಅವರು ಮತ್ತೊಮ್ಮೆ ಕಿಸೆಗೆ ಕೈ ಹಾಕಬೇಕಿತ್ತು. ಜೇಮ್ಸ್ ಆ್ಯಂಡರ್ಸನ್ ಎಂಬ ಇತಿಹಾಸಕಾರರು 1988ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ಎರಡು ಸಲದ ತೆರಿಗೆ ಎಂದೇ ಕರೆದರು. ರೋಸನ್‌ವಾಲ್ಡ್ ಶಾಲೆಗಳನ್ನು ಹೊಗಳುವಾಗ ಈ ಮಾತನ್ನು ಪಕ್ಕಕ್ಕಿಟ್ಟರೆ ನಿಜ ಅರ್ಧಕ್ಕೇ ನಿಲ್ಲುತ್ತದೆ.

ಆ ಎರಡನೆಯ ತೆರಿಗೆಯನ್ನು ಕೂಡಿಸಿದ ಬಗೆ ನೋಡಿ. ಹತ್ತಿ ಬೆಳೆಯುವ ರೈತರು ಹೊಲದಲ್ಲಿ ಒಂದು ಪಟ್ಟಿಯನ್ನು ಶಾಲೆಗೆಂದೇ ಮೀಸಲಿಟ್ಟರು, ಆ ಪಟ್ಟಿಯ ಹತ್ತಿಯ ದುಡ್ಡು ಶಾಲೆಯ ಪಾಲು. ಬಹಳ ಮಂದಿಗೆ ಆ ಹೊಲ ಕೂಡ ಸ್ವಂತದ್ದಲ್ಲ, ಗೇಣಿಗೆ ಮಾಡುತ್ತಿದ್ದದ್ದು. ಹೆಂಗಸರು ಕೋಳಿ ಮಾರಿದರು, ಊಟ ಕಟ್ಟಿ ಹರಾಜು ಹಾಕಿದರು, ಮೀನು ಕರಿದು ಮಾರಿದರು. ಮರ ಇದ್ದವರು ಮರ ಕೊಟ್ಟರು, ಗಾಡಿ ಇದ್ದವರು ಹಲಗೆ ಹೇರಿ ತಂದರು, ಏನೂ ಇಲ್ಲದವರು ಆಳಾಗಿ ನಿಂತರು. ಅಲಬಾಮದ ಬೊಲೀಜಿ ಎಂಬಲ್ಲಿ ನಡೆದ ದೇಣಿಗೆ ಸಭೆಯ ಬಗ್ಗೆ ಅಲ್ಲಿಗೆ ಹೋಗಿದ್ದ ಅಧಿಕಾರಿಯೊಬ್ಬರು ವರದಿ ಬರೆದಿಟ್ಟಿದ್ದಾರೆ. ಗುಲಾಮಗಿರಿಯ ದಿನಗಳನ್ನು ಕಂಡಿದ್ದ ಒಬ್ಬ ಮುದುಕ ಎದ್ದು ಬಂದು ಜಿಡ್ಡುಗಟ್ಟಿದ ಚೀಲವೊಂದನ್ನು ಮೇಜಿನ ಮೇಲೆ ಸುರಿದನಂತೆ. ಅದರಲ್ಲಿದ್ದದ್ದು 38 ಡಾಲರ್. ಬದುಕಿಡೀ ದುಡಿದು ಅವನು ಉಳಿಸಿದ್ದೇ ಅಷ್ಟು. ತನ್ನ ಮೊಮ್ಮಕ್ಕಳ ಮಕ್ಕಳಿಗಾದರೂ ಒಂದು ದಾರಿಯಾಗಲಿ ಎಂಬುದು ಅವನ ಆಸೆ.

1932ರಲ್ಲಿ ಕಾರ್ಯಕ್ರಮ ಮುಗಿದಾಗ ಒಟ್ಟು ಖರ್ಚು 2 ಕೋಟಿ 84 ಲಕ್ಷ ಡಾಲರ್ ದಾಟಿತ್ತು. ಅದರಲ್ಲಿ ತೆರಿಗೆಯ ಹಣ 1 ಕೋಟಿ 81 ಲಕ್ಷ. ಬಿಳಿಯರ ಖಾಸಗಿ ದೇಣಿಗೆ 12 ಲಕ್ಷ. ರೋಸನ್‌ವಾಲ್ಡ್ ಸ್ಥಾಪಿಸಿದ್ದ ನಿಧಿಯದು 43 ಲಕ್ಷದ 64 ಸಾವಿರ. ಕಪ್ಪುಜನರ ದೇಣಿಗೆ 47 ಲಕ್ಷದ 25 ಸಾವಿರ. ದೇಶದ ಅತಿ ಶ್ರೀಮಂತರಲ್ಲೊಬ್ಬರು ಕೊಟ್ಟದ್ದಕ್ಕಿಂತ ದೇಶದ ಅತಿ ಬಡವರು ಕೊಟ್ಟದ್ದು ಹೆಚ್ಚು. ಈ ಒಂದು ಅಂಕಿಯನ್ನು ನಾನು ಎಷ್ಟು ಸಲ ಬೇಕಾದರೂ ಹೇಳಲು ಸಿದ್ಧ. ತೆರಿಗೆಯ ಹಣದಲ್ಲೂ ಅವರ ಪಾಲಿತ್ತೆಂಬುದು ಬೇರೆ.

ರೋಸನ್‌ವಾಲ್ಡ್ ಅವರನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಶಾಲೆಗಳಿಗೆ ತಮ್ಮ ಹೆಸರಿಡಬೇಕೆಂದು ಅವರು ಕೇಳಿರಲಿಲ್ಲ. ನಿಧಿಯ ದುಡ್ಡನ್ನು ಶಾಶ್ವತವಾಗಿ ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ದಾನ ಮಾಡುವುದಕ್ಕೆ ಅವರ ವಿರೋಧವಿತ್ತು. ತಾವು ತೀರಿಕೊಂಡ ಇಪ್ಪತ್ತೈದು ವರ್ಷಗಳೊಳಗೆ ಅಸಲೂ ಸೇರಿ ಎಲ್ಲ ಖರ್ಚಾಗಬೇಕೆಂದು ಕಟ್ಟಳೆ ಮಾಡಿದರು. 1932ರ ಜನವರಿಯಲ್ಲಿ ಅವರು ತೀರಿಕೊಂಡರು, 1948ಕ್ಕೆ ನಿಧಿ ಬರಿದಾಗಿ ಮುಚ್ಚಿತು. ದಾನ ಮಾಡುವವರು ಕಲಿಯಬೇಕಾದ ನಡತೆ ಇದು. ಹಾಗೆಂದು ಶಾಲೆ ಕಟ್ಟಿದ ಶ್ರೇಯಸ್ಸೆಲ್ಲ ಅವರೊಬ್ಬರಿಗೇ ಹೋದರೆ ಬೊಲೀಜಿಯ ಮುದುಕನ 38 ಡಾಲರಿಗೆ ಲೆಕ್ಕ ಎಲ್ಲಿ?

ಇನ್ನು ಕಟ್ಟಡದ ವಿಷಯ. ಈ ಶಾಲೆಗಳನ್ನು ಉಳಿಸಲು ಹೊರಟವರಿಗೆ ಮೊದಲು ಎದುರಾಗುವುದೇ ಕಿಟಕಿ, ಹಾಗಾಗಿ ಅದರಿಂದಲೇ ಶುರು ಮಾಡಬೇಕು.

ಮೊದಲ ನಕ್ಷೆಗಳನ್ನು ಬರೆದವರಲ್ಲಿ ಪ್ರಮುಖರು ಟಸ್ಕೀಗಿಯ ರಾಬರ್ಟ್ ಆರ್. ಟೇಲರ್. 1892ರಲ್ಲಿ ಎಂಐಟಿಯಿಂದ ಪದವಿ ಪಡೆದ ಮೊದಲ ಕಪ್ಪುವರ್ಣೀಯ ಅವರು. 1915ರಲ್ಲಿ ವಾಷಿಂಗ್ಟನ್ ತೀರಿಕೊಂಡರು. ಶಾಲೆಗಳ ಸಂಖ್ಯೆ ಟಸ್ಕೀಗಿಯ ಕೈಮೀರಿ ಬೆಳೆಯಿತು. 1919ರಲ್ಲಿ ಪೀಬಡಿ ಕಾಲೇಜಿನ ಫ್ಲೆಚರ್ ಡ್ರೆಸ್ಲರ್ ಪರಿಶೀಲನೆಗೆ ಹೋದಾಗ ಕೆಲವು ಕಡೆ ಕೆಲಸ ಕಳಪೆಯಾಗಿದ್ದದ್ದು ಕಂಡಿತು. ಮರುವರ್ಷ ಕಾರ್ಯಕ್ರಮದ ಕಚೇರಿಯನ್ನು ನ್ಯಾಶ್‌ವಿಲ್‌ಗೆ ಸಾಗಿಸಿ ಸ್ಯಾಮ್ಯುಯೆಲ್ ಎಲ್. ಸ್ಮಿತ್ ಅವರಿಗೆ ಹೊಣೆ ವಹಿಸಿದರು. ಡ್ರೆಸ್ಲರ್ ಅವರ ಶಿಷ್ಯರಾಗಿದ್ದ ಸ್ಮಿತ್ ಹಳ್ಳಿಶಾಲೆಯ ನಕ್ಷೆಗಳ ಒಂದು ಮಾಲೆಯನ್ನೇ ತಂದರು. ಏಕೋಪಾಧ್ಯಾಯ ಶಾಲೆಗೊಂದು, ಇಬ್ಬರು ಮೇಷ್ಟ್ರ ಶಾಲೆಗೊಂದು, ಹೀಗೆ ಮೇಲೆ ಮೇಲೆ. ಯಾರು ಬೇಕಾದರೂ ಆ ನಕ್ಷೆ ಬಳಸಬಹುದಿತ್ತು. ಬಿಳಿಯರ ಹಳ್ಳಿಶಾಲೆಗಳೂ ಅವನ್ನು ನೋಡಿ ಕಟ್ಟಿಕೊಂಡವು.

ಹಳ್ಳಿಗಳಿಗೆ ವಿದ್ಯುತ್ ಬಂದಿರಲಿಲ್ಲ. ಓದುವುದಕ್ಕೆ ಸೂರ್ಯನೇ ದೀಪ. ಆದ್ದರಿಂದ ಸ್ಮಿತ್ ಅವರ ನಕ್ಷೆಗಳಲ್ಲಿ ಎಲ್ಲವೂ ಬೆಳಕಿನ ಸುತ್ತ ನಿರ್ಧಾರವಾಗುತ್ತದೆ. ತರಗತಿಗೆ ಬೆಳಕು ಪೂರ್ವದಿಂದ ಇಲ್ಲವೇ ಪಶ್ಚಿಮದಿಂದ ಬರಬೇಕು. ದಕ್ಷಿಣದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಬೇಡ. ರಸ್ತೆ ಯಾವ ಕಡೆಗಿದೆಯೋ ಅದಕ್ಕೆ ತಕ್ಕಂತೆ ಒಂದೇ ಅಳತೆಯ ಶಾಲೆಗೆ ಎರಡು ನಕ್ಷೆ. ಒಂದರ ಮೇಲೆ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ ಜಾಗಕ್ಕೆ ಮಾತ್ರ ಎಂದು ಬರೆದಿದೆ, ಇನ್ನೊಂದರ ಮೇಲೆ ಉತ್ತರಕ್ಕೋ ದಕ್ಷಿಣಕ್ಕೋ ಮಾತ್ರ ಎಂದು. ಕಿಟಕಿಗಳು ಅಲ್ಲೊಂದು ಇಲ್ಲೊಂದು ಇರುವುದಿಲ್ಲ. ಕೋಣೆಯ ಒಂದೇ ಬದಿಯ ಗೋಡೆಯಲ್ಲಿ, ಒಂದಕ್ಕೊಂದು ತಾಗಿದಂತೆ, ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ. ಮಕ್ಕಳನ್ನು ಕೂರಿಸುವಾಗ ಆ ಸಾಲು ಎಡಗಡೆಗೆ ಬರಬೇಕು. ಆಗ ಬರೆಯುವ ಬಲಗೈಯ ನೆರಳು ಪುಸ್ತಕದ ಮೇಲೆ ಬೀಳುವುದಿಲ್ಲ.

ಬಣ್ಣವೂ ಬೆಳಕಿನ ಲೆಕ್ಕದಲ್ಲೇ ಬರುತ್ತದೆ. ಚಾವಣಿಗೆ ಕೆನೆಬಣ್ಣ, ಗೋಡೆಗೆ ತಿಳಿ ಬಣ್ಣ, ಮಕ್ಕಳ ಕೈ ತಾಗುವ ಕೆಳಗಿನ ಹಲಗೆಗೆ ಕಂದು. ಕೋಣೆಗಳ ನಡುವಿನ ಗೋಡೆಯನ್ನು ಎಷ್ಟೋ ನಕ್ಷೆಗಳಲ್ಲಿ ಮಡಚುವ ಬಾಗಿಲಿನಂತೆ ಮಾಡಿದ್ದರು. ಅದನ್ನು ಸರಿಸಿದರೆ ಊರಿನ ಸಭೆಗೆ ಸಾಕಾಗುವ ಹಾಲ್ ಸಿಗುತ್ತಿತ್ತು. ಹುಡುಗರಿಗೆ ಬಡಗಿ ಕೆಲಸ, ಹುಡುಗಿಯರಿಗೆ ಹೊಲಿಗೆ, ಅಡುಗೆ ಕಲಿಸಲು ಒಂದು ಸಣ್ಣ ಕೋಣೆ ಬೇರೆ. ಕಪ್ಪುಜನರ ಮಕ್ಕಳನ್ನು ಕೈಕೆಲಸಕ್ಕೇ ಸೀಮಿತ ಮಾಡುತ್ತಿದ್ದೀರಿ ಎಂದು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರು ವಾಷಿಂಗ್ಟನ್ ಅವರೊಂದಿಗೆ ನಡೆಸಿದ ಜಗಳ ಪ್ರಸಿದ್ಧ. ಅದರಲ್ಲಿ ಡುಬಾಯ್ಸ್ ಅವರ ಪಕ್ಷ ಗಟ್ಟಿ ಎಂದೇ ನನ್ನ ಅನಿಸಿಕೆ. ಆದರೆ ಅದೇ ಕಟ್ಟಡದ ದೊಡ್ಡ ಕೋಣೆಗಳಲ್ಲಿ ಕೂತು ಅಕ್ಷರ ಕಲಿತ ಮಕ್ಕಳು ಆ ಸೀಮೆಯನ್ನು ದಾಟಿದ್ದೂ ನಿಜ. ಕವಿ ಮಾಯಾ ಏಂಜೆಲೊ ಅರ್ಕನ್ಸಾ ರಾಜ್ಯದ ಸ್ಟ್ಯಾಂಪ್ಸ್‌ನಲ್ಲಿ ಇಂಥ ಶಾಲೆಯಲ್ಲಿ ಕಲಿತರು. ಮುಂದೆ ಸಂಸದರಾದ, ನಾಗರಿಕ ಹಕ್ಕುಗಳ ಹೋರಾಟದ ಮುಂಚೂಣಿಯಲ್ಲಿದ್ದ ಜಾನ್ ಲೂಯಿಸ್ ಕಲಿತದ್ದು ಅಲಬಾಮದ ಪೈಕ್ ಕೌಂಟಿಯ ಇಂಥದೇ ಶಾಲೆಯಲ್ಲಿ. ಅರ್ಥಶಾಸ್ತ್ರಜ್ಞರಾದ ಡೇನಿಯಲ್ ಆರನ್ಸನ್ ಮತ್ತು ಭಾಸ್ಕರ್ ಮಜುಂದಾರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದಕ್ಷಿಣದ ಹಳ್ಳಿಗಾಡಿನ ಕಪ್ಪು ಮಕ್ಕಳಲ್ಲಿ ಸುಮಾರು ಶೇ 36ರಷ್ಟು ಮಂದಿಗೆ ಈ ಶಾಲೆಗಳು ಸಾಲುತ್ತಿದ್ದವು. ಅಕ್ಷರಜ್ಞಾನ, ಹಾಜರಿ, ಓದಿದ ವರ್ಷಗಳು ಎಲ್ಲದರಲ್ಲೂ ಏರಿಕೆ ಕಂಡಿತು. ಅತಿ ಹಿಂದುಳಿದ ಕೌಂಟಿಗಳಲ್ಲೇ ಅದು ಅತಿ ಹೆಚ್ಚು.

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬಣ್ಣದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ದಕ್ಷಿಣದ ರಾಜ್ಯಗಳು ಹತ್ತು ಹದಿನೈದು ವರ್ಷ ಎಳೆದಾಡಿ ಒಪ್ಪಿದವು. ಬಿಳಿಯ ಮತ್ತು ಕಪ್ಪು ಮಕ್ಕಳು ಒಂದಾದಾಗ ಬಾಗಿಲು ಮುಚ್ಚಿದ್ದು ಬಹುತೇಕ ಎಲ್ಲ ಕಡೆ ಕಪ್ಪುಜನರ ಶಾಲೆಗಳೇ. ಅವುಗಳ ಮೇಷ್ಟ್ರುಗಳಲ್ಲಿ ಬಹಳ ಮಂದಿ ಕೆಲಸ ಕಳೆದುಕೊಂಡರು. ಕಟ್ಟಡಗಳು ಯಾರಿಗೂ ಬೇಡವಾದವು. ಹೋರಾಡಿ ಗೆದ್ದವರಿಗೂ ಅವು ಪ್ರತ್ಯೇಕತೆಯ ಕಾಲದ ಗುರುತಾಗಿ ಕಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಹಿಂದೆ ಹೇಳಿದ ಷರತ್ತು ಈಗ ಕಾಡಿತು. ಕಟ್ಟಡ, ಜಾಗ ಎರಡೂ ಕೌಂಟಿಯ ಹೆಸರಿನಲ್ಲಿದ್ದವು. ಕೌಂಟಿ ಅವನ್ನು ಮಾರಬಹುದಿತ್ತು, ಮಾರಿತು. ಕೆಲವು ಮನೆಗಳಾದವು, ಕೆಲವು ಗೋದಾಮು, ಕೆಲವು ಹುಲ್ಲಿನ ಕೊಟ್ಟಿಗೆ. ಬಹಳಷ್ಟನ್ನು ಕೆಡವಿ ಹಲಗೆ ಮಾರಿದರು. ಕೆಲವೆಡೆ ಊರಿನವರೇ ಚಂದಾ ಎತ್ತಿ ತಮ್ಮ ಶಾಲೆಯನ್ನು ಕೊಂಡುಕೊಂಡರು. ಅಪ್ಪ ಅಜ್ಜಂದಿರು ಎರಡು ಸಲ ದುಡ್ಡು ಕೊಟ್ಟು ಕಟ್ಟಿದ್ದಕ್ಕೆ ಮಕ್ಕಳು ಮೂರನೆಯ ಸಲ ದುಡ್ಡು ಕೊಟ್ಟರು. ಹಾಗೆ ಕೊಂಡಲ್ಲಿ ಕಟ್ಟಡ ಉಳಿದಿದೆ.

ನಲವತ್ತು ವರ್ಷಗಳ ಕಾಲ ಇದು ಹೊರಗಿನ ಪ್ರಪಂಚದ ಗಮನಕ್ಕೆ ಬರಲಿಲ್ಲ. 2002ರಲ್ಲಿ ಅಮೆರಿಕದ ಪರಂಪರೆ ಸಂರಕ್ಷಣಾ ರಾಷ್ಟ್ರೀಯ ಟ್ರಸ್ಟ್ ಅಳಿವಿನ ಅಂಚಿನಲ್ಲಿರುವ ಹನ್ನೊಂದು ತಾಣಗಳ ತನ್ನ ವಾರ್ಷಿಕ ಪಟ್ಟಿಯಲ್ಲಿ ರೋಸನ್‌ವಾಲ್ಡ್ ಶಾಲೆಗಳನ್ನು ಒಟ್ಟಾಗಿ ಸೇರಿಸಿತು. ಅಲ್ಲಿಂದ ಹುಡುಕಾಟ ಚುರುಕಾಯಿತು. ಎಲ್ಲಿವೆ ಎಂದೇ ಗೊತ್ತಿಲ್ಲದಿದ್ದ ಕಟ್ಟಡಗಳನ್ನು ಹುಡುಕಲು ನೆರವಾದದ್ದು ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಉಳಿದಿದ್ದ ನಿಧಿಯ ಕಾರ್ಡುಗಳು. ಒಂದೊಂದು ಶಾಲೆಗೆ ಒಂದೊಂದು ಕಾರ್ಡು: ಕೌಂಟಿ, ಕಟ್ಟಿದ ವರ್ಷ, ಎಷ್ಟು ಮೇಷ್ಟ್ರ ಶಾಲೆ, ಎಷ್ಟು ಎಕರೆ. ಎಷ್ಟೋ ಶಾಲೆಗಳಿಗೆ ಅಂದಿನ ಒಂದು ಫೋಟೋ ಕೂಡ. ಜೊತೆಗೆ ಯಾರ ಪಾಲು ಎಷ್ಟು ಎಂಬ ನಾಲ್ಕು ಕಾಲಂಗಳು: ಕಪ್ಪುಜನ, ಬಿಳಿಯರು, ಸರ್ಕಾರ, ರೋಸನ್‌ವಾಲ್ಡ್. ನನಗೆ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣುವ ದಾಖಲೆ ಇದು. ದುರಸ್ತಿಗೆ ಹೊರಟ ಊರು ಈ ಕಾರ್ಡನ್ನು ತರಿಸಿಕೊಂಡಾಗ ಕಟ್ಟಡದ ಮೂಲ ರೂಪವಷ್ಟೇ ತಿಳಿಯುವುದಿಲ್ಲ. ತಮ್ಮ ಹಿರಿಯರು ಬೇಡಿ ಪಡೆದವರಲ್ಲ, ಕೊಟ್ಟು ಕಟ್ಟಿದವರು ಎಂಬುದು ಬರಹದಲ್ಲಿ ಸಿಗುತ್ತದೆ.

ದುರಸ್ತಿಯ ಕೆಲಸ ಮೇಲಿಂದ ಶುರುವಾಗಬೇಕು. ಮಾಡು ಸೋರುತ್ತಿದ್ದರೆ ಕೆಳಗೆ ಮಾಡಿದ್ದೆಲ್ಲ ದಂಡ. ಎಷ್ಟೋ ಊರುಗಳು ದುಡ್ಡು ಕೂಡುವವರೆಗೆ ತಾಡಪಾಲು ಹೊದಿಸಿ, ಇಲ್ಲವೇ ತಗಡು ಬಡಿದು ಹಲವು ವರ್ಷ ಕಾದಿವೆ. ಆಮೇಲೆ ಬುಡ. ಈ ಶಾಲೆಗಳ ಮರದ ನೆಲಹಲಗೆ ಸಾಮಾನ್ಯವಾಗಿ ನೆಲಕ್ಕೆ ತಾಗುವುದಿಲ್ಲ, ಗಿಡ್ಡ ಇಟ್ಟಿಗೆ ಕಂಬಗಳ ಮೇಲೆ ಕೂತಿರುತ್ತದೆ. ಕಂಬ ಒಂದು ಕಡೆ ಕುಸಿದರೆ ಕಟ್ಟಡವೇ ವಾಲುತ್ತದೆ. ಜಾಕಿ ಕೊಟ್ಟು ಇಡೀ ಕಟ್ಟಡವನ್ನು ಒಂದೊಂದೇ ಅಂಗುಲ ಎತ್ತಿ, ಕೊಳೆತ ಅಡಿತೊಲೆ ಬದಲಿಸಿ, ಕಂಬ ಮತ್ತೆ ಕಟ್ಟಿ ಇಳಿಸಬೇಕು. ಗೆದ್ದಲು ಹಿಡಿದಿದ್ದರೆ ಎಷ್ಟು ಭಾಗ ಉಳಿಯುತ್ತದೆ ಎಂಬುದು ಹಲಗೆ ಬಿಚ್ಚಿದ ಮೇಲೇ ಗೊತ್ತಾಗುವುದು.

ನಂತರ ಹಿಂದಿನವರು ಮಾಡಿದ ಸುಧಾರಣೆಗಳನ್ನು ಕಳಚುವ ಕೆಲಸ. ಐವತ್ತು ಅರವತ್ತರ ದಶಕದಲ್ಲಿ ಟ್ಯೂಬ್‌ಲೈಟ್ ಬಂದಾಗ ದೊಡ್ಡ ಕಿಟಕಿಗಳನ್ನು ಮುಚ್ಚಿ ಸಣ್ಣವನ್ನು ಇಟ್ಟದ್ದು ಎಷ್ಟೋ ಕಡೆ. ಎತ್ತರದ ಚಾವಣಿಗೆ ಅಡ್ಡಲಾಗಿ ಇನ್ನೊಂದು ತಗ್ಗಿನ ಚಾವಣಿ, ಹಲಗೆಗೋಡೆಯ ಮೇಲೆ ಪ್ಲೈವುಡ್, ನೆಲದ ಮೇಲೆ ಲಿನೋಲಿಯಂ. ಇವನ್ನು ಬಿಚ್ಚುತ್ತಾ ಹೋದರೆ ಹಿಂದೆ ಮೂಲ ಪೈನ್ ಹಲಗೆ ಸಿಗಬಹುದು, ಹಳೆಯ ಬಣ್ಣದ ಪದರ ಸಿಗಬಹುದು, ಕಪ್ಪುಹಲಗೆಯೇ ಸಿಗಬಹುದು. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಕೆರೆಯುವಾಗ ಎಚ್ಚರ ಬೇಕು, ಕೆಲವು ಹಾಳೆಗಳಲ್ಲಿ ಕಲ್ನಾರು ಇರುತ್ತದೆ. ಇದು ಉತ್ಸಾಹಿ ಹುಡುಗರನ್ನು ಕಟ್ಟಿಕೊಂಡು ಒಂದು ಭಾನುವಾರದಲ್ಲಿ ಮುಗಿಸುವ ಶ್ರಮದಾನವಲ್ಲ.

ಕಿಟಕಿ ಮತ್ತೆ ಹಾಕಿಸುವುದೇ ಅತಿ ಕಷ್ಟ, ಅತಿ ದುಬಾರಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಅಲ್ಯೂಮಿನಿಯಂ ಕಿಟಕಿ ಹಾಕಿದರೆ ಕೆಲಸ ಅರ್ಧ ದುಡ್ಡಿನಲ್ಲಿ ಮುಗಿಯುತ್ತದೆ, ಆದರೆ ಅಲ್ಲಿಗೆ ಶಾಲೆ ಹೋದಂತೆಯೇ. ಅಮೆರಿಕದ ಕೇಂದ್ರ ಸರ್ಕಾರದ ಪರಂಪರೆ ದುರಸ್ತಿಯ ನಿಯಮವೂ ಇದನ್ನೇ ಹೇಳುತ್ತದೆ: ರಿಪೇರಿ ಸಾಧ್ಯವಿದ್ದರೆ ಬದಲಿಸಬೇಡಿ, ಬದಲಿಸಲೇಬೇಕಾದರೆ ಆಕಾರ, ಅಳತೆ, ವಿನ್ಯಾಸ ಹಳೆಯದಕ್ಕೆ ಹೊಂದಬೇಕು, ಸಾಧ್ಯವಾದರೆ ಅದೇ ಸಾಮಗ್ರಿ ಇರಬೇಕು. ಬಡಗಿಯೊಬ್ಬ ಒಂದೊಂದು ಚೌಕಟ್ಟನ್ನೂ ಮರದಲ್ಲಿ ಕಡೆದು, ಸಣ್ಣ ಸಣ್ಣ ಗಾಜು ಕೂರಿಸಬೇಕು. ಹೀಗೆ ಹಾಕಿದ ಕಿಟಕಿಯ ಬೆಳಕು ಒಳಗೆ ಬಿದ್ದಾಗಲೇ ಇದು ಶಾಲೆ ಎಂದು ನೋಡಿದವರಿಗೆ ಹೇಳದೆಯೇ ತಿಳಿಯುವುದು.

ದುಡ್ಡು ಎಲ್ಲಿಂದ? ಅಮೆರಿಕದಲ್ಲಿ ಹಳೆಯ ಕಟ್ಟಡ ದುರಸ್ತಿ ಮಾಡಿದವರಿಗೆ ತೆರಿಗೆ ವಿನಾಯಿತಿ ಇದೆ. ಆದರೆ ಅದು ಆದಾಯ ತರುವ ಕಟ್ಟಡಗಳಿಗೆ, ಹೋಟೆಲು, ಕಚೇರಿ, ಬಾಡಿಗೆ ಮನೆಗಳಿಗೆ ಅನುಕೂಲ. ಸಮುದಾಯ ಭವನವಾಗಲಿರುವ ಎರಡು ಕೋಣೆಯ ಶಾಲೆಗೆ ಅದರಿಂದ ಪ್ರಯೋಜನ ಕಡಿಮೆ. ಹೀಗಾಗಿ ಟ್ರಸ್ಟುಗಳ ಅನುದಾನ, ರಾಜ್ಯದ ಸಹಾಯ, ಉಳಿದದ್ದಕ್ಕೆ ಹಳೆಯ ವಿದ್ಯಾರ್ಥಿಗಳ ದೇಣಿಗೆ. ಮತ್ತೆ ಚರ್ಚಿನ ಅಂಗಳದಲ್ಲಿ ಮೀನು ಕರಿದು ಮಾರಿದ ಊರುಗಳಿವೆ.

ಗೆದ್ದ ಉದಾಹರಣೆಗಳು ಕಡಿಮೆಯೇನಲ್ಲ. ಜಾರ್ಜಿಯಾದ ಕ್ಯಾಸ್‌ವಿಲ್‌ನಲ್ಲಿ 1923ರಲ್ಲಿ ಕಟ್ಟಿದ ನೋಬಲ್ ಹಿಲ್ ಶಾಲೆ, ಟ್ರಸ್ಟಿನ ಪಟ್ಟಿಗಿಂತ ಎಷ್ಟೋ ಮೊದಲೇ, 1989ರಲ್ಲಿ ಊರಿನವರ ಪ್ರಯತ್ನದಿಂದ ಸ್ಮಾರಕವಾಗಿ ತೆರೆಯಿತು. ದಕ್ಷಿಣ ಕೆರೊಲಿನಾದ ಪೊಮಾರಿಯಾದ ಹೋಪ್ ಶಾಲೆ ಈಗ ಸಮುದಾಯ ಭವನ. ವರ್ಜೀನಿಯಾದ ರ‍್ಯಾಪಹ್ಯಾನಕ್ ಕೌಂಟಿಯ ಸ್ಕ್ರ್ಯಾಬಲ್ ಶಾಲೆ 1921-22ರಲ್ಲಿ ಎದ್ದದ್ದು, 2009ರ ಹೊತ್ತಿಗೆ ಹಿರಿಯ ನಾಗರಿಕರ ಕೇಂದ್ರವಾಯಿತು. ಜೊತೆಗೆ ಅಲ್ಲಿನ ಕಪ್ಪುಜನರ ಇತಿಹಾಸದ ಪ್ರದರ್ಶನವೂ ಇದೆ. ಅಲ್ಲಿ ಅಕ್ಷರ ಕಲಿತವರೇ ಇಳಿವಯಸ್ಸಿನಲ್ಲಿ ಅದೇ ಕೋಣೆಗೆ ಊಟಕ್ಕೂ ಮಾತಿಗೂ ಬರುವಂತಾಯಿತು. ನನ್ನ ಮಟ್ಟಿಗೆ ಇದು ವಸ್ತುಸಂಗ್ರಹಾಲಯಕ್ಕಿಂತ ಒಳ್ಳೆಯ ಬಳಕೆ. ವರ್ಷಕ್ಕೆರಡು ಸಲ ಬೀಗ ತೆಗೆಯುವ ಕಟ್ಟಡ ಎಷ್ಟು ಚೆನ್ನಾಗಿ ದುರಸ್ತಿಯಾಗಿದ್ದರೂ ಮತ್ತೆ ಹಾಳಾಗುತ್ತದೆ. ದಿನವೂ ಜನ ಓಡಾಡುವ ಕಟ್ಟಡದಲ್ಲಿ ಮಾಡು ಸೋರಿದರೆ ಮರುದಿನವೇ ಯಾರಾದರೂ ಹೇಳುತ್ತಾರೆ.

ವರ್ಜೀನಿಯಾದ ಕಂಬರ್ಲೆಂಡ್ ಕೌಂಟಿಯ ಪೈನ್ ಗ್ರೋವ್ ಶಾಲೆಗೆ ಬೇರೆ ಬಗೆಯ ಆಪತ್ತು ಬಂತು. 1917ರ ಆ ಶಾಲೆಯ ಹತ್ತಿರ ಭಾರಿ ಕಸದ ತಿಪ್ಪೆ ಮಾಡುವ ಯೋಜನೆ ಹುಟ್ಟಿತು. ಹಳೆಯ ವಿದ್ಯಾರ್ಥಿಗಳೂ ಅವರ ಮನೆಮಂದಿಯೂ ಎದ್ದು ನಿಂತರು. 2021ರಲ್ಲಿ ರಾಷ್ಟ್ರೀಯ ಟ್ರಸ್ಟ್ ಈ ಒಂದು ಶಾಲೆಯನ್ನೇ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಗೋಡೆ ಭದ್ರವಾಗಿದ್ದರೆ ಸಾಲದು, ಸುತ್ತಲಿನ ನೆಲ, ನೀರು, ರಸ್ತೆಯೂ ಉಳಿಯಬೇಕು ಎಂಬುದು ಅಲ್ಲಿನವರ ವಾದ. ಕಟ್ಟಡವನ್ನು ಎತ್ತಿಕೊಂಡು ಬೇರೆಡೆ ಇಡುವುದು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. ಟೆಕ್ಸಸ್‌ನ ಹುಲ್ಲುಕೊಟ್ಟಿಗೆಗೆ ಬೇರೆ ದಾರಿ ಇರಲಿಲ್ಲ. ಆದರೆ ಎಡಗಡೆಯ ಬೆಳಕಿಗಾಗಿ ದಿಕ್ಕು ನೋಡಿ ಕೂರಿಸಿದ ಶಾಲೆಗೆ ಆ ಜಾಗವೂ ಅದರ ಒಂದು ಭಾಗ.

ಅಟ್ಲಾಂಟಾದ ಛಾಯಾಗ್ರಾಹಕ ಆ್ಯಂಡ್ರ್ಯೂ ಫೈಲರ್ ಹದಿನೈದೂ ರಾಜ್ಯಗಳಲ್ಲಿ 25,000 ಮೈಲಿ ಅಲೆದು 105 ಶಾಲೆಗಳ ಚಿತ್ರ ತೆಗೆದರು. 2021ರಲ್ಲಿ ಪುಸ್ತಕ ಬಂತು. ಅದಕ್ಕೆ ಮುನ್ನುಡಿ ಜಾನ್ ಲೂಯಿಸ್ ಅವರದು, ಹಿಂದಿನ ವರ್ಷವಷ್ಟೇ ಅವರು ತೀರಿಕೊಂಡಿದ್ದರು. ಅದೇ 2021ರ ಜನವರಿಯಲ್ಲಿ ರೋಸನ್‌ವಾಲ್ಡ್ ಅವರ ಬದುಕಿಗೂ ಶಾಲೆಗಳಿಗೂ ಸಂಬಂಧಿಸಿದ ತಾಣಗಳನ್ನು ರಾಷ್ಟ್ರೀಯ ಉದ್ಯಾನಗಳ ವ್ಯವಸ್ಥೆಗೆ ಸೇರಿಸಬಹುದೇ ಎಂದು ಪರಿಶೀಲಿಸುವ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿತ್ತು. ಅದು ಆಗಲಿ. ಅಲ್ಲಿ ಹಾಕುವ ಫಲಕದಲ್ಲಿ ಶೇ 15ರಷ್ಟು ಕೊಟ್ಟವರ ಹೆಸರಿನ ಕೆಳಗೆ ಶೇ 16ಕ್ಕಿಂತ ಹೆಚ್ಚು ಕೊಟ್ಟವರ ಲೆಕ್ಕವನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಲಿ.

ಇದನ್ನೆಲ್ಲ ಕನ್ನಡದಲ್ಲಿ ಬರೆಯಲು ಕಾರಣವಿದೆ. ನಮ್ಮಲ್ಲೂ ಹೆಂಚಿನ ಮಾಡಿನ ಹಳೆಯ ಸರ್ಕಾರಿ ಶಾಲೆಗಳಿವೆ. ಕರಾವಳಿಯಲ್ಲಿ ಕೆಂಪುಕಲ್ಲಿನವು, ಬಯಲುಸೀಮೆಯಲ್ಲಿ ಕಲ್ಲುಕಟ್ಟಡದವು. ಜಾಗ ಬಿಟ್ಟುಕೊಟ್ಟವರು, ಮರ ಕೊಟ್ಟವರು, ಕಲ್ಲು ಹೊತ್ತವರು ಊರಿನವರೇ ಆಗಿದ್ದ ಶಾಲೆಗಳು ಎಷ್ಟೋ. ಮಕ್ಕಳು ಕಡಿಮೆಯಾದರೆಂದು ಕೆಲವಕ್ಕೆ ಬೀಗ ಬಿದ್ದಿದೆ, ಹೊಸ ಆರ್‌ಸಿಸಿ ಕೋಣೆ ಬಂತೆಂದು ಕೆಲವನ್ನು ಕೆಡವಿದ್ದಾರೆ, ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿ ತೇವ ಒಳಗೇ ಉಳಿಯುವಂತೆ ಮಾಡಿ ಕೆಲವನ್ನು ಕೆಡಿಸಿದ್ದಾರೆ. ನಿಮ್ಮೂರಿನಲ್ಲಿ ಅಂಥ ಶಾಲೆ ಇದ್ದರೆ ಈ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚನ್ನಾದರೂ ಬದಲಿಸಿ. ಅದಕ್ಕೆ ಯಾವ ಅನುದಾನವೂ ಬೇಕಿಲ್ಲ. ಹಳೆಯ ಕಡತ ತೆಗೆಸಿ, ಹಿರಿಯರನ್ನು ಕೇಳಿ, ಜಾಗ ಯಾರದು, ಮರ ಯಾರದು, ಆಳಾಗಿ ನಿಂತವರು ಯಾರು ಎಂದು ಬರೆದಿಡಿ. ಕಟ್ಟಡ ಕೆಡವುವ ಮಾತು ಬಂದರೆ, ಯಾರೂ ಸಹಿ ಹಾಕುವ ಮುನ್ನ ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ.